ಹಳೆಯ ಕನ್ನಡ ಕಡತಗಳ ಎದುರು ಐಕಾನ್ವ್

ಲಿನಕ್ಸ್ ಗಣಕದಲ್ಲಿ ಕೇಳದೆಯೇ ಬಂದು ಕುಳಿತಿರುವ ಉಪಕರಣಗಳಲ್ಲಿ ಐಕಾನ್ವ್ ಒಂದು. ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಒಂದು ಅಕ್ಷರಸಂಕೇತದಲ್ಲಿರುವ ಪಠ್ಯವನ್ನು ಇನ್ನೊಂದು ಸಂಕೇತಕ್ಕೆ ಬದಲಿಸಿಕೊಡುವುದಷ್ಟೇ ಅದರ ಕೆಲಸ. ಇದಕ್ಕೆ ಕಿಟಕಿಯಿಲ್ಲ, ಗುಂಡಿಗಳಿಲ್ಲ. ಆಜ್ಞೆಗಳನ್ನು ಬೆರಳಚ್ಚಿಸುವ ಟರ್ಮಿನಲ್‌ನಲ್ಲಿ ಮೂಲಸಂಕೇತದ ಹೆಸರು, ಗುರಿಸಂಕೇತದ ಹೆಸರು ಮತ್ತು ಕಡತದ ಹೆಸರನ್ನು ಬರೆದರೆ ಕೆಲಸ ಮುಗಿಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವಾದ ಯುನಿಕೋಡ್‌ಗಿಂತ ಹಿಂದಿನ ಕಾಲದಲ್ಲಿ ಬೆರಳಚ್ಚಾದ ಕನ್ನಡ ಕಡತಗಳ ಒಂದು ಕಂತೆಯನ್ನು ಯುನಿಕೋಡಿನ ಬೈಟು ರೂಪವಾದ ಯುಟಿಎಫ್-8ಕ್ಕೆ ತರುವ ಕೆಲಸಕ್ಕೆ ನಾನು ಇದನ್ನು ಬಳಸಿದೆ. ಪರಾಮರ್ಶೆಗೆ ಒಳಗಾಗಿರುವುದು ಲಿನಕ್ಸಿನ ಮೂಲ ತಂತ್ರಾಂಶಸಂಗ್ರಹವಾದ ಗ್ನೂ ಸಿ ಲೈಬ್ರರಿಯ ಜೊತೆಗೆ ಬರುವ ಆವೃತ್ತಿ.

ಕಂತೆಯಲ್ಲಿ ಎರಡು ಬಗೆಯ ಕಡತಗಳಿದ್ದವು. ಮೊದಲನೆಯವು ಇಸ್ಕಿ ಸಂಕೇತದವು, ಅಂದರೆ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಪ್ರಕಟಿಸಿದ ಮಾನಕವನ್ನು ಅನುಸರಿಸಿದವು. ಅದರಲ್ಲಿ ಎಲ್ಲ ಭಾರತೀಯ ಲಿಪಿಗಳ ‘ಕ’ಕಾರಕ್ಕೂ 179 ಎಂಬ ಒಂದೇ ಬೈಟು, ಅದು ಕನ್ನಡದ್ದೋ ತೆಲುಗಿನದ್ದೋ ಎಂಬುದನ್ನು ಬೇರೆಯಾಗಿ ತಿಳಿಸಬೇಕು. ಯುನಿಕೋಡ್ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ಜಾಗ ಕೊಟ್ಟಿತು. ಯುಟಿಎಫ್-8ರಲ್ಲಿ ನಮ್ಮ ‘ಕ’ 224, 178, 149 ಎಂಬ ಮೂರು ಬೈಟುಗಳಾಗಿ ಕೂರುತ್ತದೆ. ‘ಕನ್ನಡ’ ಎಂಬ ಪದವನ್ನು ಇಸ್ಕಿ ಐದು ಬೈಟುಗಳಲ್ಲಿ ಮುಗಿಸಿದರೆ ಯುಟಿಎಫ್-8 ಹದಿನೈದನ್ನು ಬೇಡುತ್ತದೆ.

ಐಕಾನ್ವ್ ತನಗೆ ತಿಳಿದಿರುವ ಸಂಕೇತಗಳ ಹೆಸರುಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ, ಮತ್ತು ಆ ಪಟ್ಟಿ ಪರದೆಗಳಗಟ್ಟಲೆ ಉದ್ದವಿದೆ. ಅರ್ಮೇನಿಯನ್ ಭಾಷೆಯ ಎಂಟು ಬಿಟ್ಟುಗಳ ಸಂಕೇತ ಅದರಲ್ಲಿದೆ, ತಮಿಳಿನ ಟಿಸ್ಕಿಯೂ ಇದೆ. ಆದರೆ ನಮ್ಮ ದೇಶದ ಅಧಿಕೃತ ಮಾನಕವಾದ ಇಸ್ಕಿ ಮಾತ್ರ ಇಲ್ಲ. ವಿಂಡೋಸ್ ಕನ್ನಡದ ಇಸ್ಕಿಗೆಂದೇ 57008 ಎಂಬ ಕೋಡ್‌ಪೇಜ್ ಸಂಖ್ಯೆಯನ್ನು ಇಟ್ಟುಕೊಂಡಿರುವುದನ್ನು ನೆನೆದಾಗ ಈ ಗೈರುಹಾಜರಿ ಇನ್ನಷ್ಟು ಚುಚ್ಚುತ್ತದೆ.

ಇಷ್ಟಾದರೂ ನಾನು ಈ ಉಪಕರಣವನ್ನು ಮೆಚ್ಚುವುದಕ್ಕೆ ಕಾರಣ, ಹೆಚ್ಚು ಜನ ಗಮನಿಸದ ಅದರ ಒಂದು ಗುಣ. ಸಂಕೇತದ ಹೆಸರಿನ ಜಾಗದಲ್ಲಿ ಓರೆಗೆರೆಯಿರುವ ಕಡತದ ದಾರಿಯನ್ನು ಕೊಟ್ಟರೆ, ಐಕಾನ್ವ್ ಅದನ್ನು ಚಾರ್‌ಮ್ಯಾಪ್ ಎಂದು ಭಾವಿಸಿ ಓದಿಕೊಳ್ಳುತ್ತದೆ. ಚಾರ್‌ಮ್ಯಾಪ್ ಎಂದರೆ ಸಾಮಾನ್ಯ ಪಠ್ಯಕಡತ: ಮೇಲೆ ಸಂಕೇತದ ಹೆಸರು, ಅದರ ಕೆಳಗೆ ಒಂದೊಂದು ಸಾಲಿನಲ್ಲಿ ಯುನಿಕೋಡ್ ಗುರುತು, ಅದಕ್ಕೆ ಸಲ್ಲುವ ಬೈಟು ಮತ್ತು ಅಕ್ಷರದ ಹೆಸರು. ವ್ಯವಸ್ಥೆಯ ಭಾಷಾ ಪರಿಸರವನ್ನು ಕಟ್ಟಿಕೊಡುವ ಲೋಕೇಲ್‌ಡೆಫ್ ಬಳಸುವುದೂ ಇದೇ ಬಗೆಯ ಕಡತಗಳನ್ನೇ. ಹೀಗಾಗಿ ಗಣಕಕ್ಕೆ ಗೊತ್ತಿಲ್ಲದ ಅಕ್ಷರಸಂಕೇತವೊಂದನ್ನು ಸಿ ಭಾಷೆಯ ಒಂದು ಸಾಲನ್ನೂ ಬರೆಯದೆ ನಾವೇ ನಿರೂಪಿಸಬಹುದು. ಕನ್ನಡ ಇಸ್ಕಿಯ ಪಟ್ಟಿಯನ್ನು ನಾನು ಒಂದು ಸಂಜೆಯಲ್ಲಿ ಬರೆದು ಮುಗಿಸಿದೆ. ಎರಡನೆಯ ಪ್ರಯತ್ನಕ್ಕೇ ಪುಟಗಳು ಕನ್ನಡದಲ್ಲಿ ತೆರೆದುಕೊಂಡವು.

ಪಟ್ಟಿಯ ಮಿತಿ ಗೊತ್ತಾದದ್ದು ‘ಸಾಫ್ಟ್‌ವೇರ್’ ಎಂಬ ಪದ ಬಂದಾಗ. ಇಂಥ ಪದಗಳ ನಡುವೆ ವ್ಯಂಜನ ಅರ್ಧಕ್ಕೆ ನಿಲ್ಲಬೇಕು, ಒತ್ತಕ್ಷರವಾಗಬಾರದು. ಇದಕ್ಕೆ ಇಸ್ಕಿ ಎರಡು ಹಲಂತಗಳನ್ನು (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆಗಳನ್ನು) ಒಟ್ಟಿಗೆ ಬರೆಯುತ್ತದೆ, ಯುನಿಕೋಡ್ ಒಂದು ಹಲಂತದ ಮುಂದೆ ಕಣ್ಣಿಗೆ ಕಾಣದ ಅಗಲಿಕೆಯ ಚಿಹ್ನೆಯನ್ನು ಇಡುತ್ತದೆ. ಒಂದು ಗುರುತಿಗೆ ಒಂದು ಸಂಕೇತವೆಂಬ ನಿಯಮದ ಚಾರ್‌ಮ್ಯಾಪ್‌ನಲ್ಲಿ ಇದನ್ನು ಹೇಳಲು ದಾರಿಯಿಲ್ಲ. ಪರಿವರ್ತನೆಯ ನಂತರ ಜೋಡಿ ಹಲಂತಗಳನ್ನು ಹುಡುಕಿ ಬದಲಿಸುವ ಇನ್ನೊಂದು ಆಜ್ಞೆಯನ್ನು ನಾನು ಸೇರಿಸಬೇಕಾಯಿತು.

ಎರಡನೆಯ ಬಗೆಯ ಕಡತಗಳ ಮುಂದೆ ಐಕಾನ್ವ್ ಕೈಚೆಲ್ಲಿತು. ಅವು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿದ್ದವು. ಅಲ್ಲಿ ನಿಜವಾದ ಅರ್ಥದಲ್ಲಿ ಕನ್ನಡದ ಅಕ್ಷರಸಂಕೇತವೆಂಬುದೇ ಇಲ್ಲ. ಕಡತದಲ್ಲಿರುವುದು ಲ್ಯಾಟಿನ್ ಅಕ್ಷರಗಳು, ಅವುಗಳ ಮೇಲೆ ಕನ್ನಡದ ತುಣುಕುಗಳ ಚಿತ್ರವನ್ನು ಹೊದಿಸುವುದು ಫಾಂಟು. ಫಾಂಟನ್ನು ತೆಗೆದರೆ ‘ನ’ ಇದ್ದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಒತ್ತು ಇದ್ದಲ್ಲಿ ಜರ್ಮನ್ ಭಾಷೆಯ ಜೋಡಿ ಎಸ್ ಕಾಣಿಸುತ್ತವೆ. ಆ ಕಾಲದ ತಂತ್ರಾಂಶಗಳೊಳಗೆ ಕನ್ನಡವನ್ನು ನುಸುಳಿಸಲು ಅದು ಜಾಣ ಉಪಾಯವೇ ಆಗಿತ್ತು. ಆದರೆ ಕಡತವನ್ನು ಲ್ಯಾಟಿನ್ ಎಂದು ಹೇಳಿ ಕೊಟ್ಟಾಗ ಐಕಾನ್ವ್ ಚಕಾರವೆತ್ತದೆ ಪೌಂಡಿನ ಚಿಹ್ನೆಗಳನ್ನು ಅಚ್ಚುಕಟ್ಟಾದ ಯುಟಿಎಫ್-8 ಪೌಂಡಿನ ಚಿಹ್ನೆಗಳಾಗಿ ಬದಲಿಸಿ ಕೊಟ್ಟಿತು. ಇದು ಅದರ ತಪ್ಪಲ್ಲ, ನಾನು ಹೇಳಿದ್ದನ್ನು ಅದು ನಂಬಿತು. ಇಲ್ಲಿ ಚಾರ್‌ಮ್ಯಾಪ್ ಬರೆದರೂ ಫಲವಿಲ್ಲ, ಏಕೆಂದರೆ ತುಣುಕುಗಳು ಬರೆಯುವ ಕ್ರಮದಲ್ಲಿವೆ, ಉಚ್ಚರಿಸುವ ಕ್ರಮದಲ್ಲಲ್ಲ. ‘ಧರ್ಮ’ದ ಅರ್ಕಾವೊತ್ತು ಆ ಕಡತದಲ್ಲಿ ‘ಮ’ ಮುಗಿದ ಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ಅದೇ ‘ರ’ಕಾರ ‘ಮ’ಕ್ಕಿಂತ ಮೊದಲು ನಿಲ್ಲಬೇಕು. ಈ ಕಡತಗಳಿಗೆ ಕನ್ನಡದ ಕ್ರಮ ತಿಳಿದ ಪ್ರತ್ಯೇಕ ಪರಿವರ್ತಕವೇ ಬೇಕು.

ಇಷ್ಟೊಂದು ಸಂಕೇತಗಳನ್ನು ಹೊತ್ತುಕೊಂಡಿರುವುದರ ಬೆಲೆಯೂ ಇದೆ. ಚೀನೀ ಭಾಷೆಯ ಒಂದು ವಿರಳ ಸಂಕೇತಕ್ಕೆ ಬದಲಿಸುವ ಭಾಗದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಡಗಿದ್ದ ಭದ್ರತಾ ದೋಷವೊಂದು 2024ರಲ್ಲಿ ಬಯಲಾಯಿತು. ಆದ್ದರಿಂದ ಹಳೆಯ ಆವೃತ್ತಿಯನ್ನು ಹಾಗೇ ಇಟ್ಟುಕೊಳ್ಳುವುದು ಸರಿಯಲ್ಲ.

ಬಳಕೆಯ ಬಗ್ಗೆ ಎರಡು ಮಾತು. ಅರ್ಥವಾಗದ ಬೈಟು ಎದುರಾದರೆ ಐಕಾನ್ವ್ ಎಷ್ಟನೆಯ ಸ್ಥಾನದಲ್ಲಿ ಎಂದು ಹೇಳಿ ನಿಲ್ಲುತ್ತದೆ. ಅದು ಒಳ್ಳೆಯ ನಡವಳಿಕೆ. ಅಂಥವನ್ನು ಕೈಬಿಟ್ಟು ಮುಂದೆ ಸಾಗೆಂದು ಹೇಳುವ ‘ಸಿ’ ಆಯ್ಕೆಯನ್ನು ಬಳಸಿದರೆ ಅಕ್ಷರಗಳು ಸದ್ದಿಲ್ಲದೆ ಮಾಯವಾಗುತ್ತವೆ, ಆದ್ದರಿಂದ ಅದನ್ನು ಮುಟ್ಟದಿರುವುದೇ ಲೇಸು. ಇನ್ನೊಂದು, ಹೊರಬರುವ ಪಠ್ಯವನ್ನು ಬಾಣದ ಗುರುತಿನಿಂದ ಮೂಲ ಕಡತದ ಹೆಸರಿಗೇ ತಿರುಗಿಸಬಾರದು. ಐಕಾನ್ವ್ ಓದಲು ತೊಡಗುವ ಮುನ್ನವೇ ಆಜ್ಞೆಗಳನ್ನು ನಡೆಸುವ ಶೆಲ್ ಆ ಕಡತವನ್ನು ಬರಿದು ಮಾಡಿರುತ್ತದೆ. ನಾನು ಹೀಗೆಯೇ ಒಂದು ಕಡತವನ್ನು ಕಳೆದುಕೊಂಡೆ, ಪೆನ್‌ಡ್ರೈವಿನಲ್ಲಿ ಅದರ ಪ್ರತಿ ಇದ್ದುದರಿಂದ ಬಚಾವಾದೆ.