ಬಾಂಡ್‌ಗೆ ಈ ಸಲ ಕಣ್ಣೀರು ಬೇಡ, ಕೆಲಸ ಕೊಡಿ

ಹೊಸ ಬಾಂಡ್ ಸಿನಿಮಾಕ್ಕೆ ತಯಾರಿ ಶುರುವಾಗಿದೆಯಲ್ಲ, ಅದಕ್ಕೇ ಡೇನಿಯಲ್ ಕ್ರೇಗ್ ನಟಿಸಿದ ಐದು ಜೇಮ್ಸ್ ಬಾಂಡ್ ಸಿನಿಮಾಗಳನ್ನು ಸಾಲಾಗಿ ಮತ್ತೆ ನೋಡಿ ಮುಗಿಸಿದೆ. ಬಿಡಿಬಿಡಿಯಾಗಿ ನೋಡಿದಾಗ ಅಷ್ಟಾಗಿ ಗಮನಕ್ಕೆ ಬಾರದ ಒಂದು ವಿಷಯ ಹೀಗೆ ಒಟ್ಟಿಗೆ ನೋಡಿದಾಗ ಎದ್ದು ಕಾಣುತ್ತದೆ. ಮೊದಲನೆಯದರಲ್ಲಿ ಬಾಂಡ್ ಒಬ್ಬ ಕೆಲಸಗಾರ. ಕೊನೆಯದಕ್ಕೆ ಬರುವ ಹೊತ್ತಿಗೆ ಕೆಲಸವೆಲ್ಲ ನೆಪಕ್ಕೆ, ಇರುವುದೆಲ್ಲ ದುಃಖ. ಇಡೀ ಸೆಟ್‌ಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ, ಅದರಲ್ಲಿ ದೊಡ್ಡ ಪಾಲು ಮೊದಲನೆಯ ಸಿನಿಮಾದ್ದೇ. (ಮುಂದೆ ಕ್ಲೈಮ್ಯಾಕ್ಸ್‌ಗಳನ್ನೆಲ್ಲ ಬಿಚ್ಚಿಟ್ಟಿದ್ದೇನೆ. ಇನ್ನೂ ನೋಡದವರು ನೋಡಿಕೊಂಡು ಬನ್ನಿ.)

2006ರ ಕ್ಯಾಸಿನೊ ರಾಯಲ್ ಇವತ್ತಿಗೂ ಒಂಚೂರೂ ಹಳೆಯದಾಗಿಲ್ಲ. ಮಡಗಾಸ್ಕರ್‌ನಲ್ಲಿ ನಡೆಯುವ ಆ ಓಟವನ್ನೇ ನೋಡಿ. ಓಡುತ್ತಿರುವವನು ಗೋಡೆಯ ಮೇಲ್ಭಾಗದ ಸಣ್ಣ ಕಿಂಡಿಯಲ್ಲಿ ಬೆಕ್ಕಿನ ಹಾಗೆ ನುಸುಳಿ ಆಚೆ ಹಾರುತ್ತಾನೆ. ಹಿಂದೆ ಬರುವ ಬಾಂಡ್ ಕಿಂಡಿಯ ತಂಟೆಗೇ ಹೋಗುವುದಿಲ್ಲ, ಸೀದಾ ಗೋಡೆಯನ್ನೇ ಒಡೆದುಕೊಂಡು ಬರುತ್ತಾನೆ. ಈ ಮನುಷ್ಯ ಎಂಥವನು ಅನ್ನುವುದು ಒಂದೂ ಮಾತಿಲ್ಲದೆ ಗೊತ್ತಾಯಿತು, ಅಲ್ವಾ? ಆಮೇಲೆ ಹೋಟೆಲಿನ ಮೆಟ್ಟಿಲುಗಳ ಮೇಲೆ ಇಬ್ಬರ ಜೊತೆ ಹೊಡೆದಾಟವಾಗುತ್ತದೆ. ಅದು ಮುಗಿದ ಮೇಲೆ ರೂಮಿಗೆ ಹೋಗಿ, ಕನ್ನಡಿ ಮುಂದೆ ನಿಂತು ರಕ್ತ ತೊಳೆದು, ಒಂದು ಗ್ಲಾಸ್ ವಿಸ್ಕಿ ಗಟಗಟ ಕುಡಿದು, ಬೇರೆ ಶರ್ಟ್ ಹಾಕಿಕೊಂಡು ಮತ್ತೆ ಇಸ್ಪೀಟು ಮೇಜಿಗೆ ಬಂದು ಕೂರುತ್ತಾನೆ. ಯಾಕೆಂದರೆ ಡ್ಯೂಟಿ ಇನ್ನೂ ಮುಗಿದಿಲ್ಲ. ನನಗೆ ಬೇಕಾದ ಬಾಂಡ್ ಇವನು.

2008ರ ಕ್ವಾಂಟಮ್ ಆಫ್ ಸೋಲೇಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಲಿವುಡ್ ಬರಹಗಾರರ ಮುಷ್ಕರದ ಮಧ್ಯೆ ತಯಾರಾದ ಸಿನಿಮಾ, ಹಾಗೆಯೇ ಕಾಣುತ್ತದೆ. ಎಡಿಟಿಂಗ್ ಎಷ್ಟು ಅವಸರದ್ದೆಂದರೆ ಯಾರು ಯಾರಿಗೆ ಹೊಡೆದರು ಅಂತ ತಿಳಿಯಲು ಹಿಂದೆ ಸರಿಸಿ ನೋಡಬೇಕು. ಆದರೆ 106 ನಿಮಿಷಕ್ಕೆ ಮುಗಿಯುತ್ತದೆ, ಅದೊಂದು ಪುಣ್ಯ.

2012ರ ಸ್ಕೈಫಾಲ್ ನೋಡಲು ಈ ಐದರಲ್ಲೇ ಚಂದ. ಶಾಂಘೈನ ಗಾಜಿನ ಕಟ್ಟಡದೊಳಗೆ, ಹೊರಗಿನ ಜಾಹೀರಾತು ಬೆಳಕಿನ ಎದುರು ಬರೀ ಎರಡು ನೆರಳು ಬಡಿದಾಡುವ ದೃಶ್ಯಕ್ಕಾಗಿಯೇ ರೋಜರ್ ಡೀಕಿನ್ಸ್ ಕ್ಯಾಮೆರಾಗೆ ಕೈ ಮುಗಿಯಬೇಕು. ಆದರೆ ರೋಗ ಶುರುವಾಗಿದ್ದೂ ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಕಥೆ ಬಾಂಡ್‌ನ ಬಾಲ್ಯದ ಮನೆಗೆ ಹೋಯಿತು, ಖಳನಾಯಕನಿಗೆ ಬಾಂಡ್‌ನ ಮೇಲಧಿಕಾರಿ ಎಂ ಮೇಲೆ ಸ್ವಂತ ಸೇಡು ಬಂತು. ಸಿನಿಮಾ 110 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಜನಕ್ಕೆ ಇದೇ ಬೇಕು, ಇನ್ನಷ್ಟು ಬಡಿಸೋಣ ಅಂತ ನಿರ್ಮಾಪಕರು ತೀರ್ಮಾನ ಮಾಡಿಬಿಟ್ಟರು ಅಂತ ಕಾಣುತ್ತದೆ. 2015ರ ಸ್ಪೆಕ್ಟರ್‌ನಲ್ಲಿ ಖಳನಾಯಕ ಬ್ಲೋಫೆಲ್ಡ್ ಯಾರು ಅಂದರೆ, ಅನಾಥ ಬಾಂಡ್‌ನನ್ನು ಸಾಕಿದವರ ಮಗ! ಅಪ್ಪ ನನಗಿಂತ ಅವನನ್ನೇ ಜಾಸ್ತಿ ಮುದ್ದು ಮಾಡಿದ ಅನ್ನುವ ಹೊಟ್ಟೆಕಿಚ್ಚಿನಿಂದ ಇವನು ಜಗತ್ತನ್ನೇ ಬುಡಮೇಲು ಮಾಡುವ ಗುಂಪು ಕಟ್ಟಿ, ಹಿಂದಿನ ಮೂರು ಸಿನಿಮಾಗಳ ಕಷ್ಟಗಳೆಲ್ಲ ನಾನೇ ಕೊಟ್ಟಿದ್ದು ಅಂತ ಕುರ್ಚಿಯಲ್ಲಿ ಕೂತು ಹೇಳುತ್ತಾನೆ. ಅಷ್ಟು ಚೆನ್ನಾಗಿ ನಿಂತಿದ್ದ ಮೊದಲ ಸಿನಿಮಾವನ್ನೂ ಸುಮ್ನೆ ಈ ಮನೆಜಗಳದೊಳಕ್ಕೆ ಎಳೆದು ತಂದರಲ್ಲ, ಅದಕ್ಕೆ ಇವತ್ತಿಗೂ ಬೇಜಾರಿದೆ.

2021ರ ನೋ ಟೈಮ್ ಟು ಡೈ 163 ನಿಮಿಷ. ಇಟಲಿಯ ಮಟೇರಾದಲ್ಲಿ ಕಾರಿನ ಗಾಜಿಗೆ ಸುತ್ತಲಿಂದ ಗುಂಡುಗಳು ಬಂದು ಬಡಿಯುತ್ತಿವೆ, ಪಕ್ಕದಲ್ಲಿ ಹುಡುಗಿ ಬೇಡಿಕೊಳ್ಳುತ್ತಿದ್ದಾಳೆ, ಇವನು ಏನೂ ಮಾಡದೆ ಸುಮ್ಮನೆ ಕೂತಿದ್ದಾನೆ. ಅದ್ಭುತ ದೃಶ್ಯ, ಕ್ರೇಗ್ ಎಂಥ ನಟ ಅನ್ನುವುದಕ್ಕೆ ಅದೊಂದೇ ಸಾಕು. ಅದಾದ ಮೇಲೆ ಮಗಳು, ವಿಷ, ಕ್ಷಿಪಣಿ, ಕೊನೆಗೆ ಬಾಂಡ್‌ನದೇ ಸಾವು. ಇದರ ಖಳನಾಯಕ ಸಫಿನ್‌ಗೆ ಲಕ್ಷಗಟ್ಟಲೆ ಜನರನ್ನು ಯಾಕೆ ಕೊಲ್ಲಬೇಕಿತ್ತು? ಎರಡನೇ ಸಲ ನೋಡಿದರೂ ತಲೆಗೆ ಹತ್ತಲಿಲ್ಲ. ಅದೇ 1964ರ ಗೋಲ್ಡ್‌ಫಿಂಗರ್‌ನಲ್ಲಿ ಖಳನ ಲೆಕ್ಕ ನೋಡಿ: ಅಮೆರಿಕ ಸರ್ಕಾರದ ಖಜಾನೆಯಾದ ಫೋರ್ಟ್ ನಾಕ್ಸ್‌ನ ಚಿನ್ನವನ್ನು ಕದಿಯುವುದಲ್ಲ, ವಿಕಿರಣ ತಾಗಿಸಿ ಯಾರೂ ಮುಟ್ಟದ ಹಾಗೆ ಮಾಡಿದರೆ ತನ್ನ ಹತ್ತಿರವಿರುವ ಚಿನ್ನದ ಬೆಲೆ ಏರುತ್ತದೆ. ಒಂದೇ ವಾಕ್ಯ, ಮಕ್ಕಳಿಗೂ ಅರ್ಥವಾಗುತ್ತದೆ.

ಈ ಸರಣಿಗೆ ಊದಿಕೊಳ್ಳುವುದು ಹೊಸದೇನಲ್ಲ. 1967ರಲ್ಲಿ ಜ್ವಾಲಾಮುಖಿಯೊಳಗೆ ರಾಕೆಟ್ ನಿಲ್ದಾಣ ಕಟ್ಟಿದರು, 1969ರಲ್ಲಿ ಬಾಂಡ್ ಪಾತ್ರಕ್ಕೆ ಜಾರ್ಜ್ ಲ್ಯಾಜೆನ್‌ಬಿಯನ್ನು ಹಾಕಿಕೊಂಡು ನೆಲಕ್ಕಿಳಿದರು. 1979ರಲ್ಲಿ, ಸ್ಟಾರ್ ವಾರ್ಸ್ ಗೆದ್ದ ಹುಮ್ಮಸ್ಸಿಗೆ, ಬಾಂಡ್‌ನನ್ನು ಬಾಹ್ಯಾಕಾಶಕ್ಕೇ ಕಳಿಸಿದರು, 1981ರಲ್ಲಿ ಮತ್ತೆ ಭೂಮಿಗೆ ತಂದರು. 2002ರಲ್ಲಿ ಮಾಯವಾಗುವ ಕಾರು ಬಂತು, ನಾಲ್ಕು ವರ್ಷದ ನಂತರ ಕ್ಯಾಸಿನೊ ರಾಯಲ್. ಪ್ರತಿ ಸಲವೂ ಉಬ್ಬಿದ್ದು ಗ್ಯಾಜೆಟ್ ಮತ್ತು ಸೆಟ್, ಅವನ್ನು ಕತ್ತರಿಸಿದರೆ ಆಯಿತು. ಈ ಸಲ ಉಬ್ಬಿರುವುದು ಜೀವನ ಚರಿತ್ರೆ. ಹಾಗಾಗಿ ಕತ್ತರಿ ಹಾಕಬೇಕಾದ್ದೂ ಅದಕ್ಕೇ. ಅಪ್ಪ, ಅಮ್ಮ, ಅಣ್ಣ, ಹಳೇ ಮನೆ, ಹಳೇ ಪ್ರೀತಿ ಯಾವುದೂ ಬೇಡ. ಒಂದು ಕೆಲಸ ಕೊಟ್ಟು ಕಳಿಸಿ, ಮುಗಿಸಿಕೊಂಡು ಬರಲಿ.

ಈಗ ಯಜಮಾನರೂ ಬದಲಾಗಿದ್ದಾರೆ. ಅಮೆಜಾನ್ 2022ರಲ್ಲಿ ಎಂಜಿಎಂ ಸ್ಟುಡಿಯೊ ಕೊಂಡಿತು. 2025ರ ಫೆಬ್ರವರಿಯಲ್ಲಿ ಬಾಂಡ್ ಸಿನಿಮಾಗಳ ಹಳೇ ನಿರ್ಮಾಪಕರಾದ ಬಾರ್ಬರಾ ಬ್ರೊಕೊಲಿ ಮತ್ತು ಮೈಕಲ್ ಜಿ. ವಿಲ್ಸನ್ ಸಿನಿಮಾ ಹೇಗಿರಬೇಕು ಅನ್ನುವ ಅಧಿಕಾರವನ್ನೂ ಅದಕ್ಕೇ ಬಿಟ್ಟುಕೊಟ್ಟರು. ಹೊಸ ಸಿನಿಮಾಕ್ಕೆ ಏಮಿ ಪಾಸ್ಕಲ್ ಮತ್ತು ಡೇವಿಡ್ ಹೇಮನ್ ನಿರ್ಮಾಪಕರು, ಡೆನಿ ವಿಲ್ನೂವ್ ನಿರ್ದೇಶಕ, ಸ್ಟೀವನ್ ನೈಟ್ ಬರಹಗಾರ. ವಿಲ್ನೂವ್ ಹೆಸರು ಕೇಳಿದ ತಕ್ಷಣ ಎಲ್ಲರೂ ಅವರ ಭಾರೀ ಸಿನಿಮಾ ಡ್ಯೂನ್ ಹೆಸರು ಹೇಳಿದರು, ಅದೇ ನನಗೆ ಭಯ. ದೊಡ್ಡ ಮರಳುಗಾಡು, ದೊಡ್ಡ ಸದ್ದು, ದೊಡ್ಡ ಮೌನ ಈಗ ಬೇಕಾಗಿಲ್ಲ. ಅವರು 2015ರಲ್ಲಿ ಮಾಡಿದ ಸಿಕಾರಿಯೊದಲ್ಲಿ ಗಡಿ ದಾಟುವ ಸೇತುವೆ ಮೇಲೆ ಕಾರುಗಳು ಜಾಮ್ ಆಗಿ ನಿಂತಿರುವ ದೃಶ್ಯವಿದೆ. ಪಕ್ಕದ ಸಾಲಿನ ಕಾರಿನಲ್ಲಿ ಕೂತವರ ಕೈಯಲ್ಲಿ ಗನ್ ಇದೆ, ಯಾರೂ ಅಲುಗಾಡುವ ಹಾಗಿಲ್ಲ. ಗುಂಡು ಹಾರುವುದು ಕೆಲವೇ ಕ್ಷಣ, ಅದಕ್ಕೂ ಮುಂಚಿನ ಆ ಕಾಯುವಿಕೆಯೇ ಪ್ರಾಣ ಹಿಂಡುತ್ತದೆ. ನೈಟ್ ಅಂತೂ ಲಾಕ್ ಅನ್ನುವ ಸಿನಿಮಾದಲ್ಲಿ ಒಬ್ಬನೇ ಮನುಷ್ಯನನ್ನು ಕಾರಿನಲ್ಲಿ ಕೂರಿಸಿ, ಬರೀ ಫೋನ್ ಮಾತುಗಳ ಮೇಲೆ ಇಡೀ ಕಥೆ ನಡೆಸಿದವರು. ಚಿಕ್ಕದನ್ನು ಬಿಗಿಯಾಗಿ ಮಾಡುವುದು ಇಬ್ಬರಿಗೂ ಗೊತ್ತು. ಯಾರಾದರೂ ಅದನ್ನೇ ಮಾಡಿ ಅಂತ ಅವರಿಗೆ ಹೇಳಬೇಕಷ್ಟೆ.

ಬಾಂಡ್ ಚಿಕ್ಕದಾಗಿದ್ದರೆ ಹೇಗಿರುತ್ತಾನೆ ಅಂತ ನೋಡಲು 1962ರ ಡಾ. ನೋ ಸಾಕು. ಸುಮಾರು 10 ಲಕ್ಷ ಡಾಲರ್‌ನಲ್ಲಿ ತೆಗೆದ ಸಿನಿಮಾ. ಷಾನ್ ಕಾನರಿ ಜಮೈಕಾದ ಹೋಟೆಲ್ ರೂಮಿನಲ್ಲಿ ತನ್ನ ತಲೆಯಿಂದ ಒಂದು ಕೂದಲು ಕಿತ್ತು, ಬೆರಳಿಗೆ ಎಂಜಲು ಹಚ್ಚಿಕೊಂಡು ಬೀರುವಿನ ಎರಡು ಬಾಗಿಲಿಗೆ ಅಡ್ಡವಾಗಿ ಅಂಟಿಸುತ್ತಾನೆ. ಯಾರಾದರೂ ಬಾಗಿಲು ತೆಗೆದರೆ ಗೊತ್ತಾಗಲಿ ಅಂತ. ಖರ್ಚು ಸೊನ್ನೆ. ಆದರೆ ಅದನ್ನು ನೋಡಿದವರು ಮರೆಯುವುದಿಲ್ಲ, ಯಾಕೆಂದರೆ ಗೂಢಚಾರ ಅಂದರೆ ಏನು ಅನ್ನುವುದು ಅಲ್ಲಿದೆ. ಮುಂದಿನ ವರ್ಷದ ಫ್ರಮ್ ರಷ್ಯಾ ವಿತ್ ಲವ್‌ನಲ್ಲಿ ರೈಲಿನ ಊಟದ ಮೇಜಿನಲ್ಲಿ ಎದುರು ಕೂತವನು ಮೀನಿನ ಜೊತೆ ಕೆಂಪು ವೈನ್ ತರಿಸುತ್ತಾನೆ. ಇಂಗ್ಲಿಷ್ ಜಂಟಲ್‌ಮನ್ ಹಾಗೆ ಮಾಡುವುದಿಲ್ಲ, ಅಂದರೆ ಈತ ವೇಷ ಹಾಕಿದವನು. ಬಾಂಡ್‌ಗೆ ಅದು ಹೊಳೆಯುವಾಗ ಗನ್ ಅವನ ಮುಖದ ಎದುರಿಗಿದೆ. ಕ್ರೇಗ್‌ನ ಕೊನೆಯ ಎರಡು ಸಿನಿಮಾಗಳಲ್ಲಿ ಬಾಂಡ್ ಏನನ್ನಾದರೂ ಹೀಗೆ ಗಮನಿಸಿ ಪತ್ತೆ ಹಚ್ಚಿದ್ದು ನನಗಂತೂ ನೆನಪಿಗೆ ಬರುತ್ತಿಲ್ಲ.

ಹಳೇ ಕಾಲಕ್ಕೇ ಹೋಗಿಬಿಡಲಿ, ಇಯಾನ್ ಫ್ಲೆಮಿಂಗ್ ಬಾಂಡ್ ಕಾದಂಬರಿ ಬರೆಯಲು ಶುರುಮಾಡಿದ ಐವತ್ತರ ದಶಕದಲ್ಲೇ ಕಥೆ ನಡೆಯಲಿ ಅನ್ನುವವರು ಬಹಳ ಜನ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆಗ ಸೂಟು, ಕಾರು, ಸಿಗರೇಟಿನ ಹೊಗೆ ನೋಡಿ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತೇವೆ. ಇವತ್ತು ಪ್ರತಿ ಬೀದಿಯಲ್ಲೂ ಕ್ಯಾಮೆರಾ, ವಿಮಾನ ನಿಲ್ದಾಣದಲ್ಲಿ ಮುಖ ಗುರುತಿಸುವ ಯಂತ್ರ. ಇದೆಲ್ಲದರ ಮಧ್ಯೆ ಒಬ್ಬ ಮನುಷ್ಯ ಸುಳ್ಳು ಹೆಸರಿನಲ್ಲಿ ಒಂದು ದೇಶದೊಳಗೆ ಹೇಗೆ ಹೋಗುತ್ತಾನೆ? ಆ ತಲೆನೋವನ್ನು ಸರಿಯಾಗಿ ತೋರಿಸಿದರೆ ಅರ್ಧ ಸಿನಿಮಾ ಅಲ್ಲೇ ಆಯಿತು.

ಸತ್ತವನು ಹೇಗೆ ಬಂದ ಅಂತ ವಿವರಿಸಲೂ ಹೋಗಬೇಡಿ. ಕಾನರಿ ಹೋಗಿ ಲ್ಯಾಜೆನ್‌ಬಿ ಬಂದಾಗ, ಮತ್ತೆ ಕಾನರಿ ಬಂದು ಹೋಗಿ ರೋಜರ್ ಮೂರ್ ಬಂದಾಗ ಯಾರೂ ವಿವರ ಕೊಡಲಿಲ್ಲ, ನಾವೂ ಕೇಳಲಿಲ್ಲ. ಅವನಿಗೆ ಕೊಲ್ಲುವ ಲೈಸೆನ್ಸ್ ಸಿಕ್ಕಿದ್ದು ಹೇಗೆ ಅನ್ನುವ ಕಥೆಯೂ 2006ರಲ್ಲೇ ಆಗಿದೆ. ಮುವತ್ತೈದರ ಆಸುಪಾಸಿನ ಒಬ್ಬನನ್ನು ಹಿಡಿದು, ಆಗಲೇ ಹತ್ತು ವರ್ಷ ಸರ್ವಿಸ್ ಆದವನ ಹಾಗೆ ಎಂ ಆಫೀಸಿನೊಳಗೆ ನಡೆಸಿ. ಎಂ ಸಿಡುಕಲಿ, ಫೈಲು ಕೊಡಲಿ, ಎರಡು ಗಂಟೆಯೊಳಗೆ ಮುಗಿಯಲಿ. ಸ್ವಲ್ಪ ನಗಿಸಿ ಕೂಡ, ಮೂರ್ ಕಾಲದಷ್ಟು ಬೇಡ, ಆದರೆ ಇವನಿಗೆ ತನ್ನ ಕೆಲಸ ಇಷ್ಟ ಅಂತ ನಮಗೆ ಅನ್ನಿಸುವಷ್ಟಾದರೂ. ಎಂ ಆಫೀಸಿನ ಸೆಕ್ರೆಟರಿ ಮನಿಪೆನಿಗೆ ಒಂದು, ಗ್ಯಾಜೆಟ್ ಮಾಡಿಕೊಡುವ ಕ್ಯೂಗೆ ಒಂದು ಅಂತ ಧಾರಾವಾಹಿ ತೆಗೆಯುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿ. ಬಾಂಡ್ ಹೆಸರಿನ ರಿಯಾಲಿಟಿ ಶೋ 2023ರಲ್ಲೇ ಬಂದು ಹೋಗಿದೆ, ಅಷ್ಟು ಸಾಕು.

ಇನ್ನು ಈ ಐದರ ಸೆಟ್ ನೋಡಬೇಕೋ ಬೇಡವೋ ಅಂದರೆ, ಮೊದಲನೆಯದನ್ನು ಖಂಡಿತ ನೋಡಿ, ಸ್ಕೈಫಾಲ್ ಅನ್ನು ಮನೆಯಲ್ಲಿರುವ ದೊಡ್ಡ ಪರದೆಯಲ್ಲೇ ನೋಡಿ. ಕೊನೆಯದರಲ್ಲಿ ಮಟೇರಾದ ಭಾಗ, ಕ್ಯೂಬಾದ ಭಾಗ ಮುಗಿದ ಮೇಲೆ ನಿದ್ದೆ ಬಂದರೆ ಸಂಕೋಚ ಬೇಡ, ಮಲಗಿ. ಸ್ಪೆಕ್ಟರ್‌ನಲ್ಲಿ ಮೆಕ್ಸಿಕೋದ ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಿದರೂ ನಷ್ಟವೇನಿಲ್ಲ.