ಕ್ಲಿಪ್ ಹಾಕಿದ ಹಲ್ಲಿಗೆ ಯಾವುದು ವಾಸಿ: ದಾರವೋ, ಪುಟ್ಟ ಬ್ರಶ್ಶೋ, ನೀರಿನ ಮಷಿನ್ನೋ?

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಚಿತ್ರಾನ್ನ ತಿನ್ನೋದೇ ಒಂದು ಪೇಚಾಟ. ಸಾಸಿವೆ ತಂತಿಯ ಅಡಿಗೆ, ಕೊತ್ತಂಬರಿ ಸೊಪ್ಪು ಮುಂದಿನ ಹಲ್ಲಿನ ಬ್ರಾಕೆಟ್ಟಿಗೆ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ಬಿಲ್ಲೆ), ಕಾಯಿತುರಿ ಎಲ್ಲೆಲ್ಲೂ. ಮಾಮೂಲಿ ಬ್ರಶ್ ತಂತಿಯ ಮೇಲೇ ಜಾರಿಕೊಂಡು ಹೋಗುತ್ತದೆ. ಜೊತೆಗೆ ಇನ್ನೇನಾದರೂ ಬೇಕೇ ಬೇಕು. ಕ್ಲಿಪ್ ಇದ್ದಾಗ ನಾನು ಮೂರು ಸಾಮಾನು ಬಳಸಿ ನೋಡಿದೆ.

ಯಾವುದು ಎಷ್ಟು ಕೆಲಸ ಮಾಡಿತು ಅಂತ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಮೆಡಿಕಲ್ ಶಾಪಿನಲ್ಲೋ ಆನ್‌ಲೈನಿನಲ್ಲೋ ಬಣ್ಣದ ಮಾತ್ರೆ ಸಿಗುತ್ತದೆ. ಅದನ್ನು ಜಗಿದು ಬಾಯಿ ಮುಕ್ಕಳಿಸಿದರೆ, ಹಲ್ಲಿಗೆ ಅಂಟಿದ ಪ್ಲಾಕ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಿಜವಾದ ತೊಂದರೆ ಇರುವುದು ಈ ತೆಳು ಲೋಳೆಯಲ್ಲೇ. ಅದರಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಖನಿಜ ಕರಗಿಸುತ್ತದೆ. ಬ್ರಾಕೆಟ್ ಸುತ್ತ ಸುಣ್ಣದಂಥ ಬಿಳಿ ಕಲೆ ಬೀಳಲು ಒಂದು ತಿಂಗಳೂ ಸಾಕು. ಎರಡು ವರ್ಷ ಕಷ್ಟಪಟ್ಟು ಹಲ್ಲು ನೇರ ಮಾಡಿಸಿ, ಕ್ಲಿಪ್ ತೆಗೆದ ದಿನ ಚೌಕಾಕಾರದ ಕಲೆ ಕಂಡರೆ ಹೇಗಿರುತ್ತೆ, ಅಲ್ವಾ?

ನೀರಿನ ಮಷಿನ್, ಅಂದರೆ ಹಲ್ಲಿನ ಸಂದಿಗೆ ರಭಸದ ನೀರಿನ ಧಾರೆ ಬಿಡುವ ವಾಟರ್ ಫ್ಲಾಸರ್, ಮೂರರಲ್ಲೂ ದುಬಾರಿ, ಮಜಾನೂ ಜಾಸ್ತಿ. ಸಾಸಿವೆ, ಸೊಪ್ಪು ಸಿಂಕಿಗೆ ಹಾರಿ ಬೀಳುತ್ತವೆ. ಒಸಡಿನ ರಕ್ತವೂ ಕಡಿಮೆಯಾಯಿತು. ಆದರೆ ಆಮೇಲೆ ಮಾತ್ರೆ ಜಗಿದರೆ ಬ್ರಾಕೆಟ್ ಸುತ್ತ ಗುಲಾಬಿ ಗೆರೆ ಹಾಗೇ ಇತ್ತು. ಕಣ್ಣಿಗೆ ಕಾಣುವ ಕಸ ಹೋಗಿತ್ತು, ಅಂಟಿದ್ದು ಅಂಟಿಕೊಂಡೇ ಇತ್ತು. ಬೋರ್‌ವೆಲ್ ನೀರು ಹಾಕುವವರು ಇನ್ನೊಂದು ವಿಷಯ ಗಮನಿಸಿ: ನಳಿಕೆಯ ತುದಿಯಲ್ಲಿ ಬಿಳಿ ಗಟ್ಟಿ ಕಟ್ಟಿಕೊಂಡು ಧಾರೆ ಸಣ್ಣಗಾಗುತ್ತದೆ. ಆರ್‌ಒ ಫಿಲ್ಟರಿನ ನೀರು ಹಾಕುವುದು ಒಳ್ಳೆಯದು.

ಹಲ್ಲಿನ ಸಂದಿ ಉಜ್ಜುವ ದಾರದ (ಫ್ಲಾಸ್) ಕಥೆ ಬೇರೆ. ತಂತಿ ಅಡ್ಡ ಇರುವುದರಿಂದ ನೇರವಾಗಿ ಹಾಕಲಾಗದು. ಪ್ಲಾಸ್ಟಿಕ್ ಸೂಜಿಗೆ ಪೋಣಿಸಿ, ತಂತಿಯ ಅಡಿಯಿಂದ ತೂರಿಸಿ, ಒಂದು ಸಂದಿ ಉಜ್ಜಿ, ಎಳೆದು, ಮತ್ತೆ ಪಕ್ಕದ ಸಂದಿಗೆ ಮೊದಲಿಂದ ಶುರು. ಎರಡು ಹಲ್ಲು ಒತ್ತಿಕೊಂಡಿರುವ ಜಾಗಕ್ಕೆ ಇದರಷ್ಟು ಚೆನ್ನಾಗಿ ಬೇರೇನೂ ಹೋಗದು, ಒಪ್ಪಿದೆ. ಆದರೆ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂದಿಗೆ ದಾರ ಪೋಣಿಸುವ ತಾಳ್ಮೆ ಎಷ್ಟು ಜನಕ್ಕಿದೆ? ನನಗಂತೂ ಇರಲಿಲ್ಲ. ಹಿಂದಿನ ದವಡೆಗಂತೂ ಕೈಯೇ ಎಟುಕದು.

ನನ್ನ ಓಟು ಪುಟ್ಟ ಬ್ರಶ್ಶಿಗೆ. ಸಣ್ಣ ಹಿಡಿ, ತುದಿಯಲ್ಲಿ ಬಾಟಲಿ ತೊಳೆಯುವ ಬ್ರಶ್ಶಿನಂಥ ಎಳೆಗಳು. ತಂತಿಯ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ತೂರಿಸಿ ಬ್ರಾಕೆಟ್ಟಿನ ಎರಡೂ ಪಕ್ಕ ಉಜ್ಜಿದರೆ ಆ ಗುಲಾಬಿ ಗೆರೆ ಹೋಗೇಬಿಡುತ್ತದೆ. ಊಟದ ನಂತರ ಆಫೀಸಿನ ಬಾತ್‌ರೂಮಿನಲ್ಲೂ ಎರಡೇ ನಿಮಿಷದಲ್ಲಿ ಮುಗಿಯುತ್ತೆ, ಜೇಬಿನಲ್ಲೂ ಇಟ್ಟುಕೊಳ್ಳಬಹುದು. ಇದರಲ್ಲಿ ನಾನಾ ದಪ್ಪಗಳಿವೆ, ದಪ್ಪ ಗುರುತಿಸುವ ಬಣ್ಣವೂ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಡಾಕ್ಟರ ಹತ್ತಿರವೇ ಅಳತೆ ಕೇಳಿ ತಗೊಳ್ಳಿ. ಬಲವಂತವಾಗಿ ತುರುಕಿದರೆ ಒಸಡಿಗೆ ಗಾಯ, ಬ್ರಶ್ಶೂ ಬಾಗುತ್ತೆ. ಎಳೆ ಕೆದರಿದ ಮೇಲೆ ಎಸೆಯಬೇಕು. ಖರ್ಚು ಅಂದರೆ ಅದೊಂದೇ.

ದಾರ ಈಗಲೂ ಇದೆ, ಮುಂದಿನ ಹಲ್ಲುಗಳಿಗೆ ಮಾತ್ರ. ಫ್ಲಾಸರ್ ಅಪ್ಪನ ಪಾಲಾಯಿತು. ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕಟ್ಟುಹಲ್ಲು) ಹಾಕಿಸಿಕೊಂಡಿದ್ದಾರೆ, ಅದರಡಿ ಸಿಕ್ಕಿಕೊಂಡ ಅನ್ನದಗುಳು ತೆಗೆಯೋಕೆ ಅವರಿಗೆ ಅದೇ ಬೇಕಂತೆ.