ಸ್ಕಿಡ್ ಸ್ಟಿಯರ್ ಲೋಡರ್‌ನ ಫ್ಯೂಯಲ್ ಸೊಲೆನಾಯ್ಡ್: ಮೂರು ವರ್ಷ, 2,600 ಗಂಟೆ ಓಡಿಸಿದ ಮೇಲೆ

ಮೊದಲು ಒಂದು ಸ್ಟಾರ್ ಕೊಟ್ಟು ಸಿಟ್ಟಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಅಳಿಸಿ ಈಗ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮಧ್ಯೆ ಏನಾಯಿತು ಅನ್ನೋದೇ ಈ ವಿಮರ್ಶೆ.

ನನ್ನದು ಹೊಸಪೇಟೆ ಕಡೆ ಬಾಡಿಗೆಗೆ ಓಡೋ ಸ್ಕಿಡ್ ಸ್ಟಿಯರ್, ಅಂದರೆ ಮುಂದೆ ಬಕೆಟ್ ಇರೋ ಪುಟ್ಟ ಲೋಡರ್ ಗಾಡಿ, ಸೆಕೆಂಡ್ ಹ್ಯಾಂಡ್. ನಮ್ಮಲ್ಲಿ ಯಾವ ಕಂಪನಿಯದಿದ್ದರೂ ಬಾಬ್‌ಕ್ಯಾಟ್ ಅಂತಲೇ ಕರೆಯುತ್ತಾರೆ. ನನ್ನದು ಬೇರೆ ಕಂಪನಿಯದು, ಹೆಸರು ಬೇಡ. ಕೆಲಸ ಹೆಚ್ಚಿರೋದು ಮೊಟ್ಟೆ ಕೋಳಿ ಫಾರಂಗಳಲ್ಲಿ. ಮೇಲೆ ಪಂಜರ, ಕೆಳಗೆ ಗೊಬ್ಬರ, ನಡುವೆ ಸಾಲು ಸಾಲು ಕಂಬ. ಟ್ರ್ಯಾಕ್ಟರ್ ತಿರುಗೋಕೆ ಆಗಲ್ಲ, ಇದು ನಿಂತಲ್ಲೇ ಬುಗುರಿ ತರ ತಿರುಗುತ್ತದೆ. ಈ ಜಾತಿಯ ಗಾಡಿ ಹುಟ್ಟಿದ್ದೂ ಹೀಗೇ: ಅಮೆರಿಕದ ಮಿನ್ನೆಸೋಟದಲ್ಲಿ ಒಬ್ಬ ಟರ್ಕಿ ಕೋಳಿ ಸಾಕುವವನ ಕೊಟ್ಟಿಗೆಯ ಗೊಬ್ಬರ ತೆಗೆಯೋಕೆ ಕೆಲ್ಲರ್ ಅಣ್ಣತಮ್ಮಂದಿರು 1957ರಲ್ಲಿ ಮೂರು ಚಕ್ರದ ಲೋಡರ್ ಮಾಡಿಕೊಟ್ಟರು, 1960ಕ್ಕೆ ನಾಲ್ಕು ಚಕ್ರದ್ದು ಬಂತು. ಅಂದರೆ ಕೋಳಿ ಗೊಬ್ಬರ ಇದಕ್ಕೆ ಹುಟ್ಟಿದಾಗಿನಿಂದಲೂ ಗಂಟು ಬಿದ್ದಿದೆ. ಅದೇ ಗೊಬ್ಬರ ನನಗೆ ಕೊಟ್ಟ ಕಾಟ ಕೊನೆಗೆ ಹೇಳ್ತೀನಿ.

ಒಂದು ಬೆಳಿಗ್ಗೆ ಡ್ರೈವರ್ ಫೋನ್. "ಅಣ್ಣಾ, ಸೆಲ್ಫ್ ಚೆನ್ನಾಗಿ ಹೊಡೀತೈತಿ, ಗಾಡಿ ಹತ್ತವಲ್ದು." ಬಂದ ಮೆಕ್ಯಾನಿಕ್ ಏರ್ ಹಿಡಿದಿದೆ ಅಂದ. ಫಿಲ್ಟರ್ ಬಿಚ್ಚಿ, ಏರ್ ತೆಗೆದು, ಮತ್ತೆ ತೆಗೆದು, ಸಂಜೆಗೆ "ಪಂಪು ಇಳಿಸಬೇಕು" ಅನ್ನೋ ತನಕ ಬಂತು. ಪಂಪ್ ಇಳಿಸೋದು ಅಂದರೆ ದುಡ್ಡಿನ ಚೀಲ ಬಿಚ್ಚೋದು. ಆವತ್ತು ಯಾರೂ ಹಿಂದಿನ ಬಾಗಿಲು ತೆಗೆದು ಪಂಪ್ ಪಕ್ಕದ ಆ ಮುಷ್ಟಿ ಗಾತ್ರದ ಡಬ್ಬಿಯ ಕಡೆ ನೋಡಲಿಲ್ಲ. ಅದೇ ಫ್ಯೂಯಲ್ ಸೊಲೆನಾಯ್ಡ್, ನಮ್ಮ ಗ್ಯಾರೇಜಿನವರ ಬಾಯಲ್ಲಿ ಸ್ಟಾಪರ್. ಕೀ ಆನ್ ಇರೋವರೆಗೂ ಒಳಗಿನ ಕಡ್ಡಿಯನ್ನು ಎಳೆದು ಹಿಡಿದು ಪಂಪಿಗೆ ಡೀಸೆಲ್ ಬಿಡೋದು, ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್ ತಳ್ಳಿ ಡೀಸೆಲ್ ನಿಲ್ಲಿಸೋದು, ಅಷ್ಟೇ ಅದರ ಕೆಲಸ.

ಮಾರನೇ ದಿನ ಅಂಗಡಿಯವರು "ಇದೇ ಸೈಜು" ಅಂತ ಒಂದು ಸ್ಟಾಪರ್ ಕೊಟ್ಟರು. ಎರಡೇ ವೈರು. ಜನರೇಟರಿನದು, ಅದೂ ತಿರುಗಾ ಮುರುಗಾ: ಕರೆಂಟ್ ಕೊಟ್ಟರೆ ಎಂಜಿನ್ ನಿಲ್ಲಿಸೋ ಜಾತಿ. ನನ್ನದಕ್ಕೆ ಬೇಕಿದ್ದದ್ದು ಕರೆಂಟ್ ಇದ್ದರೆ ಓಡಿಸೋದು. ನೋಡೋಕೆ ಎರಡೂ ಅವಳಿ ಜವಳಿ. ವಾಪಸ್ ಕೊಟ್ಟು, ಆನ್‌ಲೈನಿನಲ್ಲಿ ಈ ಮೂರು ವೈರಿನ 12 ವೋಲ್ಟಿನದನ್ನು ತರಿಸಿದೆ.

ಅದು ಬರೋವರೆಗೆ ನಮ್ಮ ಹುಡುಗ ಪಂಪಿನ ಲಿವರನ್ನು ಬೈಂಡಿಂಗ್ ವೈರಿನಲ್ಲಿ ಕಟ್ಟಿ ಗಾಡಿ ಓಡಿಸಿದ್ದ. ಸಂಜೆ ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಎಂಜಿನ್ ನಿಲ್ಲುತ್ತಿಲ್ಲ! ಓಡುತ್ತಿರೋ ಬೆಲ್ಟಿನ ಪಕ್ಕ ಕೈ ಹಾಕಿ ವೈರು ಬಿಚ್ಚಿದ್ದಾನೆ. ಕೇಳಿ ಮೈ ಜುಮ್ಮೆಂದಿತು. ಯಾರೂ ಇದನ್ನು ಮಾಡಬೇಡಿ. ಎಂಜಿನ್ ಬಿಸಿಯಾಗಿಯೋ ಆಯಿಲ್ ಪ್ರೆಶರ್ ಇಳಿದೋ ಗಾಡಿ ತಾನೇ ಆಫ್ ಆಗಬೇಕಿದ್ದರೆ ಆ ದಾರಿಯೂ ಕಟ್ಟಿಹೋಗಿರುತ್ತದೆ.

ಹೊಸದು ಬಂತು, ಹಾಕಿದೆವು, ಒಂದೇ ಸೆಲ್ಫಿಗೆ ಗಾಡಿ ಹತ್ತಿತು. ಒಂಬತ್ತನೇ ದಿನ ಸುಟ್ಟ ವಾಸನೆ, ಮತ್ತೆ ಅದೇ ಕಥೆ. ಒಂದು ಸ್ಟಾರ್ ಕೊಟ್ಟದ್ದು ಆ ರಾತ್ರಿ.

ಎರಡನೇ ಪೀಸ್ ಹಾಕೋ ಮೊದಲು ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆ. ಅವರು ಬಂದವರೇ ಮೊದಲು ಬಕೆಟ್ ನೆಲಕ್ಕೆ ಇಳಿಸಿಸಿದರು, ಆಮೇಲೆ ಸುಟ್ಟ ಸ್ಟಾಪರಿಗೆ ಮೀಟರ್ ಇಟ್ಟರು. ಇದರೊಳಗೆ ಎರಡು ಕಾಯಿಲ್ ಇರುತ್ತವೆ ಅಂತ ನನಗೆ ಗೊತ್ತಾದದ್ದೇ ಆಗ. ಕೆಂಪು–ಕಪ್ಪು ನಡುವೆ ಸುಮಾರು 12 ಓಮ್ ತೋರಿಸಿತು. ಅದು ಹಿಡಿದಿಡೋ ಕಾಯಿಲ್, ಒಂದು ಆಂಪಿಯರ್ ಸಾಕು, ದಿನವಿಡೀ ಹಿಡಿದಿರುತ್ತದೆ. ಬಿಳಿ–ಕಪ್ಪು ಎಳೆಯೋ ಕಾಯಿಲ್. ಸರಿ ಇದ್ದರೆ ಅರ್ಧ ಓಮಿಗಿಂತ ಕಡಿಮೆ ತೋರಿಸಬೇಕು, ಇಲ್ಲಿ ಓಪನ್, ಅಂದರೆ ಒಳಗೆ ತಂತಿ ಕಡಿದುಹೋಗಿದೆ. ಅದು ಎಳೆಯುವಾಗ 40 ಆಂಪಿಯರ್ ಹತ್ತಿರ ನುಂಗುತ್ತದೆ, ಅದಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಕರೆಂಟ್ ಕೊಡಬಾರದು. "ಇದು ತಾನಾಗಿ ಸತ್ತಿಲ್ಲ ಸಾರ್, ಯಾರೋ ಕೊಂದಿದ್ದಾರೆ" ಅಂದರು.

ಗಾಡಿ ಕಡೆಯ ಬಿಳಿ ವೈರಿಗೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ "ಸೆಲ್ಫ್ ಹೊಡೀರಿ, ಬಿಡಿ" ಅಂದರು. ದೀಪ ಹತ್ತಿತು, ಆರಿತು. ಇನ್ನೊಮ್ಮೆ. ಹತ್ತಿತು, ಆರಿತು. ನನಗೆ ಬೇಜಾರು ಬರೋಕೆ ಶುರುವಾಗಿತ್ತು. ಆರನೇ ಸಲ ಕೀ ಬಿಟ್ಟರೂ ದೀಪ ಉರಿಯುತ್ತಲೇ ಇತ್ತು. ಅವರು ಏನೂ ಮಾತಾಡದೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಆ ಬಿಳಿ ವೈರಿಗೆ ಕರೆಂಟ್ ಕೊಟ್ಟು ಬಿಡಿಸೋ ರಿಲೇಗೆ (ಕರೆಂಟಿನಿಂದ ಆಡೋ ಸ್ವಿಚ್ಚಿಗೆ) ಒಂದು ತಟ್ಟಿದರು, ಟಕ್ ಅಂತ ಆರಿತು. ಒಳಗಿನ ಪಾಯಿಂಟ್ ಕರಗಿ ಒಮ್ಮೊಮ್ಮೆ ಅಂಟಿಕೊಳ್ಳುತ್ತಿತ್ತು. ಚಿಲ್ಲರೆ ದುಡ್ಡಿನ ರಿಲೇ, ಎರಡು ಸ್ಟಾಪರ್ ತಿಂದಿತ್ತು. ರಿಲೇ ಬದಲಿಸಿದರು, ಲಿವರಿನ ಕಡ್ಡಿ ಉದ್ದ ಸರಿ ಮಾಡಿದರು. ಕಡ್ಡಿ ಪೂರ್ತಿ ತಳ ಮುಟ್ಟದಿದ್ದರೆ ಹಿಡಿದಿಡೋ ಕಾಯಿಲಿಗೆ ಅದನ್ನು ಹಿಡಿಯೋ ತಾಕತ್ತಿಲ್ಲವಂತೆ, ಸೆಲ್ಫ್ ಬಿಟ್ಟ ಕೂಡಲೇ ಗಾಡಿ ಆಫ್ ಆಗುತ್ತದೆ. ಆಗ ಹಾಕಿದ ಆ ಎರಡನೇ ಪೀಸೇ ಇವತ್ತಿಗೂ ಓಡುತ್ತಿರೋದು.

ಹೋದ ವರ್ಷ ಮಳೆಗಾಲದಲ್ಲಿ ಒಮ್ಮೆ ಮತ್ತೆ ಗಾಡಿ ಹತ್ತಲಿಲ್ಲ. ಮೀಟರಿನಲ್ಲಿ ಎರಡೂ ಕಾಯಿಲ್ ಸರಿ, ಬ್ಯಾಟರಿ ಹೊಸದು. ಸೆಲ್ಫ್ ಹೊಡೆದರೆ ಕಡ್ಡಿ ಸ್ವಲ್ಪ ಅಲುಗಾಡಿ ಸುಮ್ಮನಾಗುತ್ತದೆ. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ ಕೈಯಲ್ಲಿ ಒಳಗೆ ಒತ್ತಿದರೆ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಹಿಡಿಯೋ ಕಡೆ ಸರಿ, ಎಳೆಯೋ ಬಲ ಎಲ್ಲೋ ಸೋರುತ್ತಿದೆ. ಈ ಸಲ ಯಾರನ್ನೂ ಕರೆಯಲಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಸ್ಟಾಪರಿನ ಕಪ್ಪು ವೈರಿಗೆ ಇಟ್ಟು ಸೆಲ್ಫ್ ಹೊಡೆಸಿದೆ. ಅರ್ಧ ವೋಲ್ಟ್ ದಾಟಬಾರದಿತ್ತು, ನಾಲ್ಕು ತೋರಿಸಿತು. ಅರ್ತಿಂಗ್ ಬೋಲ್ಟ್ ಬಿಚ್ಚಿದರೆ ಥಿಂಬಲ್ (ವೈರಿನ ತುದಿಗೆ ಒತ್ತಿರೋ ತಾಮ್ರದ ಬಳೆ) ನೀಲಿ–ಹಸಿರು ಪುಡಿಯಾಗಿ ಕೈಗೆ ಬಂತು. ಕೋಳಿ ಗೊಬ್ಬರದ ಅಮೋನಿಯಾ ತಾಮ್ರವನ್ನು ಹೀಗೆ ತಿಂದುಹಾಕುತ್ತದೆ. ಹೊಸ ಥಿಂಬಲ್ ಒತ್ತಿ, ಚಾಸಿಯನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಬಳಿದೆ. ಅರ್ಧ ಗಂಟೆಯ ಕೆಲಸ. ಫಾರಂ ಕೆಲಸ ಮುಗಿದ ಮೇಲೆ ಗಾಡಿಯ ಹಿಂಭಾಗ ತೊಳೆಯೋ ರೂಢಿ ಆಗಿನಿಂದ ಶುರು. ಪ್ರೆಶರ್ ಪೈಪನ್ನು ಮಾತ್ರ ಕನೆಕ್ಟರಿಗೆ ನೇರ ಹಿಡಿಯೋದಿಲ್ಲ.

ಇನ್ನು ಐದನೇ ಸ್ಟಾರ್ ಯಾಕಿಲ್ಲ ಅಂದರೆ, ಕಡ್ಡಿಗೆ ಹಾಕಿರೋ ರಬ್ಬರ್ ಬೂಟು ಒಂದೂವರೆ ವರ್ಷಕ್ಕೆ ಬಿರುಕು ಬಿಟ್ಟಿತು. ಒಳಗೆ ಧೂಳು ಸೇರಿ ಕಡ್ಡಿ ಸಲೀಸಾಗಿ ಓಡದೆ ಸಿಕ್ಕಿಕೊಳ್ಳೋಕೆ ಶುರುವಾಗಿತ್ತು, ಬೇರೆ ಬೂಟು ಹುಡುಕಿ ಹಾಕಿದೆ. ಡಬ್ಬಿಯಲ್ಲಿ ಯಾವ ವೈರು ಯಾವುದಕ್ಕೆ ಅಂತ ಒಂದು ಚೀಟಿಯನ್ನೂ ಇಟ್ಟಿರಲಿಲ್ಲ. ಬಿಳಿ–ಕೆಂಪು ಅದಲು ಬದಲಾದರೆ ನಿಮಿಷದಲ್ಲಿ ಕಾಯಿಲ್ ಬೂದಿ. ಮಿಕ್ಕಂತೆ ಏಪ್ರಿಲ್ ಬಿಸಿಲಲ್ಲಿ, ಎಂಜಿನ್ ಕಾವಿನ ಪಕ್ಕದಲ್ಲೇ ದಿನಕ್ಕೆ ಎಂಟು ಗಂಟೆ ಹಿಡಿದು ನಿಂತಿದೆ, ಒಮ್ಮೆಯೂ ನಡುವೆ ಬಿಟ್ಟಿಲ್ಲ. ಕೊಳ್ಳೋರು ಹಳೆಯದರ ವೈರು ಎಣಿಸಿ, ಕಡ್ಡಿ ಎಷ್ಟು ದೂರ ಓಡುತ್ತದೆ ಅಂತ ಅಳತೆ ಹಿಡಿದು ಆರ್ಡರ್ ಮಾಡಿ, ಜೊತೆಗೆ ಒಂದು ರಿಲೇನೂ ತರಿಸಿ. ನನ್ನ ಸೀಟಿನ ಹಿಂದೆ ಈಗ ಎರಡು ರಿಲೇ, ಒಂದು ಟೆಸ್ಟ್ ಲ್ಯಾಂಪ್, ಇನ್ನೂ ಸೀಲ್ ಒಡೆಯದ ಒಂದು ಸ್ಟಾಪರ್ ಇವೆ. ಬೈಂಡಿಂಗ್ ವೈರಿನ ಸುರುಳಿಯನ್ನು ಹುಡುಗನ ಕೈಯಿಂದಲೇ ತೆಗೆಸಿ ಮನೆಗೆ ತಂದಿಟ್ಟಿದ್ದೇನೆ.